ಬೆಳ್ಳಿತೆರೆಯಲ್ಲಿ ಎಲ್ಲವೂ ರೇಷ್ಮೆಯೇ... ಬೆಂಕಿಕಡ್ಡಿ ಮುಂದೆ ಬಂದಾಗ?

'ಸಿಲ್ಕ್' ಅಂದಾಕ್ಷಣ ನಮ್ಮ ಓದುಗ ಮಿತ್ರರ ಕಣ್ಣ ಮುಂದೆ ಯಾರು ಸುಳಿಯುತ್ತಾರೆಂದು ನನಗೆ ಗೊತ್ತಿಲ್ಲವೇ? 1980ರ ತಮಿಳು ಚಿತ್ರ 'ವಂಡಿಚಕ್ಕರಂ'ನಲ್ಲಿ 'ಸಿಲ್ಕ್' ಎಂಬ ಪಾತ್ರ ಮಾಡಿ, ಆ ಹೆಸರನ್ನೇ ಜೀವನಪೂರ್ತಿ ಹೊತ್ತು, ನಮ್ಮ ರವಿಚಂದ್ರನ್ ಅವರ 'ಹಳ್ಳಿ ಮೇಷ್ಟ್ರು' (1992) ಚಿತ್ರದಲ್ಲೂ ಮಿಂಚಿ ಹೋದ ಸ್ಮಿತಾ! ಕ್ಷಮಿಸಿ ಮಿತ್ರರೇ, ಈ ವಾರ ನಾನು ಬರೆಯಲು ಕೂತಿರುವುದು ಆ ಸಿಲ್ಕ್ ಬಗ್ಗೆ ಅಲ್ಲ. ಅಮ್ಮಂದಿರ ಬೀರುವಿನಲ್ಲಿ ಬಿಳಿ ಪಂಚೆಯೊಳಗೆ ಸುತ್ತಿಟ್ಟಿರುತ್ತದಲ್ಲ, ಆ ಆರು ಗಜದ ಸಿಲ್ಕ್ ಬಗ್ಗೆ.

ಸಿನಿಮಾ ಪತ್ರಿಕೆಯಲ್ಲಿ ಸೀರೆ ವಿಷಯ ಏಕಪ್ಪಾ ಎಂದು ಪುಟ ಮಗುಚಬೇಡಿ. ಇವತ್ತಲ್ಲ ನಾಳೆ ನಿಮ್ಮ ತಂಗಿಯ ಮದುವೆಗೋ, ನಿಮ್ಮದೇ ಮದುವೆಗೋ ಜೇಬಿಗೆ ಕೈ ಹಾಕುವವರು ನೀವೇ! ನಾನು ಕೈ ಹಾಕಿ ಸುಟ್ಟುಕೊಂಡ ಕಥೆ ಇದು. ಕೇಳಿ.

ಫಾಲ್ಸ್ ತರಲು ಹೋದವನು...

ವರಮಹಾಲಕ್ಷ್ಮಿ ಹಬ್ಬಕ್ಕೆ ಹದಿನೈದು ದಿನ ಇತ್ತು. ಬರೆದದ್ದಕ್ಕೆ ಹಣ ಒಟ್ಟಿಗೆ ಬಂದದ್ದು ನನ್ನ ಬಾಳಿನಲ್ಲಿ ಅಪರೂಪ. ಆ ಸಲ ಬಂತು. ನೇರ ಪೇಟೆಗೆ ಹೋದೆ. ದೊಡ್ಡ ಮಳಿಗೆ, ತಂಪು ಗಾಳಿ, ಗಾಜಿನ ಬಾಗಿಲು, ಕೈಗೆ ಕಾಫಿ! ಮಳಿಗೆಯ ಹೆಸರು ಬೇಡ. ಹಸಿರು ಮೈ, ಕೆಂಪು ಅಂಚು, ಗೇಣಗಲದ ಜರಿ. "ಪ್ಯೂರ್ ಸಿಲ್ಕ್ ಸಾರ್, ಕಣ್ಣು ಮುಚ್ಕೊಂಡು ತಗೊಳ್ಳಿ" ಎಂದ ಮಾರುವವನು. ನಾನು ಅಕ್ಷರಶಃ ಕಣ್ಣು ಮುಚ್ಚಿಕೊಂಡೇ ತಗೊಂಡೆ!

ಅಮ್ಮ ಸೀರೆ ನೋಡಿ ಏನೂ ಹೇಳಲಿಲ್ಲ. ಎರಡು ಸಲ ಸವರಿ, "ಫಾಲ್ಸ್ ಹಾಕಿಸ್ಕೊಂಡು ಬಾರೋ" ಎಂದಳು. ಮರುದಿನ ಅದೇ ಕವರ್ ಹಿಡಿದು ನಮ್ಮ ಚಿಕ್ಕಬಾಣಾವರದ ಬಟ್ಟೆ ಅಂಗಡಿಗೆ ಹೋದೆ.

ಹೆಸರಘಟ್ಟ ರಸ್ತೆಯಲ್ಲಿ ಬಸ್ಸಿಗೆ ಕಾಯುವವರು ನಿಲ್ಲುತ್ತಾರಲ್ಲ, ಅಲ್ಲಿಂದ ಕೂಗಳತೆ ದೂರ. ಹದಿನೈದು ಅಡಿ ಅಗಲದ ಅಂಗಡಿ. ಒಂದು ಕಡೆ ನೈಟಿ, ಟವೆಲ್, ಸ್ಕೂಲ್ ಯೂನಿಫಾರ್ಮ್. ಇನ್ನೊಂದು ಕಡೆ ಗಾಜಿನ ಬಾಗಿಲಿನ ತೇಗದ ಬೀರು. ಅದರ ಮುಂದೆ ಬಿಳಿ ಹಾಸಿನ ಮೇಲೆ ಯಜಮಾನರು. ಅರುವತ್ತು ದಾಟಿದವರು, ಬಿಳಿ ಪಂಚೆ, ಮೂಗಿನ ತುದಿಗೆ ಕನ್ನಡಕ. ಮೂರು ತಲೆಮಾರಿನ ವ್ಯಾಪಾರ. ಅಂಗಡಿಯ ಹೆಸರು ಬರೆಯಬೇಡಿ ಎಂದು ಅವರೇ ಕೇಳಿಕೊಂಡಿದ್ದಾರೆ. ಏಕೆಂದು ಮುಂದೆ ನಿಮಗೇ ಗೊತ್ತಾಗುತ್ತದೆ.

ಯಜಮಾನರು ಸೀರೆ ಬಿಚ್ಚಿದರು. ಸೆರಗನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿದರು. ಸುಮ್ಮನಾದರು.

"ಎಷ್ಟು ಕೊಟ್ಟೆಯಪ್ಪಾ?"

ಹೇಳಿದೆ. ಅವರು ಮತ್ತೆ ಮಡಚಿಟ್ಟರು. "ಚೆನ್ನಾಗಿದೆ. ಫಾಲ್ಸ್ ಹಸಿರೇ ಹಾಕೋಣ" ಎಂದರು.

ಆ ಮೌನ ನನಗೆ ಹಿಡಿಸಲಿಲ್ಲ. "ಯಜಮಾನ್ರೇ, ಏನೋ ಮುಚ್ಚಿಡ್ತಿದ್ದೀರಿ" ಎಂದೆ.

"ಕೇಳಲೇಬೇಕಾ? ತಿಳ್ಕೊಂಡ ಮೇಲೆ ಮರೆಯೋಕಾಗಲ್ಲ ನೋಡು."

ಕೇಳಲೇಬೇಕು ಎಂದೆ. ಗಲ್ಲಾ ಪೆಟ್ಟಿಗೆಯ ಕೆಳಗಿನ ಡ್ರಾಯರ್ ಎಳೆದರು. ಅದರಲ್ಲಿ ಒಂದೇ ಒಂದು ವಸ್ತು. ಬೆಂಕಿಪೊಟ್ಟಣ!

ಎಳೆ ಹೇಳಿದ ಸತ್ಯ

ಸೆರಗಿನ ಕುಚ್ಚಿನಿಂದ ಒಂದೆಳೆ ಕಿತ್ತರು. ಕಡ್ಡಿ ಗೀರಿದರು. ಎಳೆ ಮುದುಡಿತು, ಕರಗಿತು, ತುದಿಯಲ್ಲಿ ಸಾಸಿವೆ ಕಾಳಿನಂಥ ಗಟ್ಟಿ ಗುಂಡು. ಮೂಗಿಗೆ ಬಂದದ್ದು ಪ್ಲಾಸ್ಟಿಕ್ ಚೀಲ ಸುಟ್ಟ ವಾಸನೆ.

ಆಮೇಲೆ ಬೀರುವಿನಿಂದ ತಮ್ಮದೊಂದು ಸೀರೆಯ ಎಳೆ ತೆಗೆದು ಹಚ್ಚಿದರು. ಅದು ನಿಧಾನಕ್ಕೆ ಉರಿಯಿತು, ಬೆಂಕಿ ಸರಿಸಿದಾಗ ಆರಿತು. ಉಳಿದದ್ದು ಕಪ್ಪು ಬೂದಿ. ಬೆರಳಲ್ಲಿ ಒತ್ತಿದರೆ ಪುಡಿ ಪುಡಿ. ವಾಸನೆ? ಕೂದಲು ಸುಟ್ಟಂತೆ!

"ಎರಡೂ ಜೀವದಿಂದ ಬಂದದ್ದಲ್ವಾ ಅಪ್ಪಾ, ಕೂದಲೂ ರೇಷ್ಮೆನೂ. ಅದಕ್ಕೇ ಒಂದೇ ವಾಸನೆ. ಆರ್ಟ್ ಸಿಲ್ಕ್ ಅಂತ ಬರುತ್ತಲ್ಲ, ಅದು ಕಾಗದ ಸುಟ್ಟಂಗೆ ಉರಿಯುತ್ತೆ. ಪಾಲಿಯೆಸ್ಟರ್ ಕರಗಿ ಗುಂಡಾಗುತ್ತೆ. ನಿನ್ನದು ಗುಂಡಾಯ್ತು" ಎಂದರು.

ಜರಿಯ ಪರೀಕ್ಷೆಯೂ ನಡೆಯಿತು. ಹಳೆಯ ಕ್ರಮದ ಅಸಲಿ ಜರಿ ಎಂದರೆ ರೇಷ್ಮೆ ಎಳೆಯ ಮೇಲೆ ಬೆಳ್ಳಿ ತಂತಿ ಸುತ್ತಿ, ಅದಕ್ಕೆ ಚಿನ್ನದ ಲೇಪ ಕೊಟ್ಟದ್ದು. ಉಗುರಿನಿಂದ ಕೆರೆದರೆ ಒಳಗಿನ ಕೆಂಪು ರೇಷ್ಮೆ ಇಣುಕುತ್ತದೆ. ನನ್ನ ಗೇಣಗಲದ ಜರಿಯನ್ನು ಕೆರೆದರೆ ಬಿಳಿ ನೂಲು ಹಲ್ಲು ಕಿರಿಯಿತು! ಮನೆ ಮುಂದೆ "ಹಳೇ ರೇಷ್ಮೆ ಸೀರೇ..." ಎಂದು ಕೂಗಿಕೊಂಡು ಬರುವವರು ಸೀರೆ ಹರಿದಿದ್ದರೂ ಕಾಸು ಕೊಡುವುದು ಆ ಬೆಳ್ಳಿಗಾಗಿ. ನನ್ನ ಹೊಸ ಸೀರೆಗೆ ಅವರು ತಿರುಗಿಯೂ ನೋಡುವುದಿಲ್ಲ.

ಮುಖ ಸಪ್ಪಗಾಯಿತು. ಯಜಮಾನರು ಟೀ ತರಿಸಿದರು. ಆ ಟೀ ಕುಡಿಯುತ್ತ ಶುರುವಾದ ಮಾತು ನಾಲ್ಕು ಸಂಜೆ ನಡೆಯಿತು.

ಗಂಟು ಹೊತ್ತ ತಾತ, ಬೋನಸ್ ಕಂಡ ಅಪ್ಪ

ಯಜಮಾನರ ತಾತ ಅಂಗಡಿ ಇಟ್ಟವರಲ್ಲ, ಗಂಟು ಹೊತ್ತವರು. ಚಿಕ್ಕಪೇಟೆಯಿಂದ ಬಟ್ಟೆ ತಂದು ಸೋಲದೇವನಹಳ್ಳಿ, ಹೆಸರಘಟ್ಟ ಕಡೆ ಊರೂರು ತಿರುಗಿ ಮಾರುವುದು. ಗಂಟಿನಲ್ಲಿ ಹತ್ತಿ ಸೀರೆ, ಪಂಚೆ, ರವಿಕೆ ಕಣ. ರೇಷ್ಮೆ ಒಂದೇ ಒಂದು, ಅದೂ ಯಾರಾದರೂ ಮದುವೆಗೆ ಹೇಳಿದ್ದರೆ. ರಾಗಿ ಕೊಯ್ಲಾದ ಮೇಲೆ ದುಡ್ಡು. ಅಲ್ಲಿಯವರೆಗೆ ಬರೀ ಮಾತು.

ಆಮೇಲೆ ಈ ಕಡೆಯ ಕಾಲವೇ ತಿರುಗಿತು. ಜಾಲಹಳ್ಳಿಯಲ್ಲಿ 1950ರ ದಶಕದಲ್ಲಿ ಎಚ್‌ಎಂಟಿ ಬಂತು, ಬಿಇಎಲ್ ಬಂತು. ಹಿಂದೆಯೇ ಪೀಣ್ಯದ ಶೆಡ್ಡುಗಳು. ತಿಂಗಳ ಸಂಬಳ ಎಂಬುದು ಈ ಹಳ್ಳಿಗಳಿಗೆ ಹೊಸದು. ಯಜಮಾನರ ತಂದೆ ಗಂಟು ಇಳಿಸಿ ಅಂಗಡಿ ಹಾಕಿದರು. ಆ ತೇಗದ ಬೀರು ಮಾಡಿಸಿದವರು ಅವರೇ.

"ಬೋನಸ್ ಕೊಟ್ಟ ವಾರ ನೋಡಬೇಕಿತ್ತು ನೀನು! ಗಂಡ ವಾಚ್ ಫ್ಯಾಕ್ಟರಿಯಿಂದ ನೇರ ಬರೋನು, ಹೆಂಡ್ತಿ ಮನೆಯಿಂದ ಬರೋಳು. ಇಬ್ಬರೂ ಇದೇ ಹಾಸಿನ ಮೇಲೆ ಕೂತು ಒಂದು ಸೀರೆಗೆ ಎರಡು ಗಂಟೆ! ಆ ಸೀರೆ ಇಪ್ಪತ್ತು ವರ್ಷ ಉಟ್ಟು, ಆಮೇಲೆ ಮಗಳಿಗೆ ಕೊಡೋರು."

2016ರಲ್ಲಿ ಎಚ್‌ಎಂಟಿ ವಾಚ್ ಕಂಪೆನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಗಡಿಯಾರದ ಜೊತೆಗೆ ಆ ಬೋನಸ್ ಗಿರಾಕಿಯೂ ನಿಂತುಹೋದ ಎನ್ನುತ್ತಾರೆ ಯಜಮಾನರು.

ಪೊಟ್ಟಣ ಡ್ರಾಯರ್‌ಗೆ ಬಂದ ಬಗೆ

ಆದರೆ ಬೆಂಕಿಪೊಟ್ಟಣ? ಅದಕ್ಕೊಂದು ಅವಮಾನದ ಕಥೆಯಿದೆ. ಸಿನಿಮಾದಲ್ಲಾದರೆ ಫ್ಲ್ಯಾಶ್‌ಬ್ಯಾಕ್ ಬರುವುದು ಇಲ್ಲೇ!

ತಂದೆಯ ಕಾಲ. ಒಂದು ಧಾರೆ ಸೀರೆ ಮಾರಿದ್ದರು. ಎರಡು ವರ್ಷದ ಮೇಲೆ ಹುಡುಗಿಯ ಅಪ್ಪ ಸೀರೆ ಹಿಡಿದು ಬಂದ. ಕೂಗಾಡಲಿಲ್ಲ. ಹಾಸಿನ ಮೇಲೆ ಇಟ್ಟು, "ಒಂದು ಸಲ ನೀವೇ ನೋಡಿ ಸ್ವಾಮಿ" ಎಂದ. ಹಾಸು ರೇಷ್ಮೆ, ಹೊಕ್ಕು ಬೇರೆ! ಉದ್ದದ ಎಳೆ ಅಸಲಿ, ಅಡ್ಡದ ಎಳೆ ನಕಲಿ. ಸಗಟು ವ್ಯಾಪಾರಿಯ ಮಾತು ನಂಬಿ ತಂದ ಮಾಲು ಅದು. ತಂದೆಗೂ ಗೊತ್ತಿರಲಿಲ್ಲ. ಆದರೆ ಮಾರಿದ ಬಾಯಿ ಯಾರದು?

"ಅಪ್ಪ ಆವತ್ತು ಬೀರುವಿನಲ್ಲಿದ್ದ ಒಳ್ಳೇ ಸೀರೆ ತೆಗೆದು ಕೊಟ್ಟು ಕೈ ಮುಗಿದ್ರು. ಆತ ಹೋದ ಮೇಲೆ ಬೀದಿ ಅಂಗಡಿಯಿಂದ ಬೆಂಕಿಪೊಟ್ಟಣ ತರಿಸಿದ್ರು. ಆವತ್ತಿಂದ ಹಾಸಿನ ಎಳೆ ಬೇರೆ, ಹೊಕ್ಕಿನ ಎಳೆ ಬೇರೆ ಸುಟ್ಟು ನೋಡದೆ ಒಂದು ಸೀರೆನೂ ಒಳಗೆ ಬರಲ್ಲ."

ಈ ಕಡ್ಡಿಯಿಂದ ಕೆಡುಕೂ ಆಗಿದೆ. ಒಮ್ಮೆ ಯಾರೋ ಬೀಗರು ಕೊಟ್ಟ ಸೀರೆ ತಂದು ಪರೀಕ್ಷೆ ಮಾಡಿ ಎಂದರು. ಇವರು ಮಾಡಿ ಹೇಳಿದರು. ಆ ಗುಂಡು ಮದುವೆ ಮನೆಗೆ ಹೋಗಿ ಜಗಳವಾಯಿತು, ಎರಡು ಮನೆಯ ಮಾತು ನಿಂತಿತು. ಅದಕ್ಕೇ ಈಗ ಅವರು "ಕೇಳಲೇಬೇಕಾ?" ಎಂದು ಮೊದಲು ಕೇಳುವುದು. ಅದಕ್ಕೇ ಪತ್ರಿಕೆಯಲ್ಲಿ ಹೆಸರು ಬೇಡ ಎನ್ನುವುದು!

"ಆ ಸಿನಿಮಾ ಸೀರೆ ಕೊಡಿ!"

ಇನ್ನು ನಮ್ಮ ವಿಷಯಕ್ಕೆ ಬರೋಣ. ಸಿನಿಮಾ!

1964ರ 'ಅಮರಶಿಲ್ಪಿ ಜಕಣಾಚಾರಿ' ಕನ್ನಡದ ಮೊದಲ ಪೂರ್ಣಪ್ರಮಾಣದ ವರ್ಣಚಿತ್ರ. ಅದಕ್ಕೆ ಮೊದಲು ನಾಯಕಿ ಏನೇ ಉಟ್ಟರೂ ತೆರೆಯ ಮೇಲೆ ಕಪ್ಪು, ಬಿಳುಪು, ಬೂದಿ. "ಆಗ ನಮಗೆ ಆರಾಮು. ಯಾವ ಬಣ್ಣ ಕೊಟ್ರೂ ಸಿನಿಮಾದ್ದು ಇದೇನೇ ಅನ್ನಬಹುದಿತ್ತು" ಎಂದು ಯಜಮಾನರು ನಗುತ್ತಾರೆ. ಬಣ್ಣ ಬಂದದ್ದೇ ತಡ, ಪೇಚು ಶುರು! ಮಿನುಗುತಾರೆ ಕಲ್ಪನಾ ಉಟ್ಟಂಥದ್ದೇ ಬೇಕು, ಅಂಥದ್ದೇ ರವಿಕೆ ತೋಳು ಬೇಕು. 1994ರಲ್ಲಿ 'ಹಮ್ ಆಪ್ಕೆ ಹೈ ಕೌನ್' ಬಂದಾಗ ಮಾಧುರಿ ದೀಕ್ಷಿತ್ ಉಟ್ಟ ನೇರಳೆ ಸೀರೆಗೆ ದೇಶವೇ ಹುಚ್ಚೆದ್ದಿತ್ತು. ಚಿಕ್ಕಬಾಣಾವರ ಬಿಟ್ಟೀತೇ?

2004ರಲ್ಲಿ 'ಆಪ್ತಮಿತ್ರ'. ನಾಗವಲ್ಲಿಯಾಗಿ ಸೌಂದರ್ಯ! ರೇಷ್ಮೆ ಬೆಳೆಯುವ ಕೋಲಾರ ಸೀಮೆಯ ಮುಳಬಾಗಿಲಿನ ಹೆಣ್ಣುಮಗಳು. ಚಿತ್ರ ಬಿಡುಗಡೆಯಾದದ್ದು ಆಗಸ್ಟ್‌ನಲ್ಲಿ. ಆಕೆ ಏಪ್ರಿಲ್ 17ರಂದೇ ನಮ್ಮ ಜಕ್ಕೂರಿನಲ್ಲಿ ವಿಮಾನ ಬಿದ್ದು ತೀರಿಕೊಂಡಿದ್ದರು. "ಹೆಂಗಸರು ಬಂದು ನಾಗವಲ್ಲಿ ಸೀರೆ ಅನ್ನೋರು, ಅಂದ ಮೇಲೆ ಒಂದು ಕ್ಷಣ ಸುಮ್ಮನಾಗೋರು" ಎಂದರು ಯಜಮಾನರು. ನಾವಿಬ್ಬರೂ ಸುಮ್ಮನಾದೆವು.

ಆದರೆ ಒಂದು ಮಾತು. ತೆರೆಯ ಮೇಲೆ ಮಿನುಗುವುದೆಲ್ಲ ರೇಷ್ಮೆಯಲ್ಲ. ದೀಪ ಬಿದ್ದರೆ ಸ್ಯಾಟಿನ್ನೂ ರೇಷ್ಮೆಯೇ, ಗಿಲೀಟೂ ಚಿನ್ನವೇ. ಕ್ಯಾಮೆರಾಗೆ ಮೂಗಿಲ್ಲ, ಬೆರಳಿಲ್ಲ! ಅದು ಮೋಸವಲ್ಲ, ಅದು ಕಲೆ. ಟಿಕೆಟ್ ಕೊಳ್ಳುವಾಗಲೇ ನಮಗೆ ಗೊತ್ತಿರುತ್ತದೆ. ಅಂಗಡಿಯಲ್ಲಿ ಅದೇ ಆಟ ಆಡಿದರೆ ಮಾತ್ರ ಮೋಸ.

ರೇಷ್ಮೆಯ ಹಿಂದಿನ ಕಣ್ಣೀರನ್ನು ತೆರೆಗೆ ತಂದದ್ದು ತಮಿಳಿನ 'ಕಾಂಚೀವರಂ'. ಪ್ರಿಯದರ್ಶನ್ ನಿರ್ದೇಶನ, ನಮ್ಮ ಪ್ರಕಾಶ್ ರೈ ನಾಯಕ. ಮಗಳ ಮದುವೆಗೆ ರೇಷ್ಮೆ ಸೀರೆ ಉಡಿಸುತ್ತೇನೆಂದು ಮಾತು ಕೊಟ್ಟ ನೇಕಾರ, ಕೊಳ್ಳಲಾರದೆ ಮಾಲೀಕನ ಮಗ್ಗದಿಂದ ಎಳೆಗಳನ್ನು ಬಾಯಲ್ಲಿ ಅಡಗಿಸಿ ಕದ್ದೊಯ್ಯುತ್ತಾನೆ. ಆ ಅಭಿನಯಕ್ಕೆ ರೈ ಅವರಿಗೆ ರಾಷ್ಟ್ರಪ್ರಶಸ್ತಿ. ನೋಡದಿದ್ದರೆ ನೋಡಿ.

ಗಬ್ಬರ್‌ನ ಊರಿನಲ್ಲಿ ಗೂಡಿನ ಸಂತೆ

"ಸೀರೆ ನೋಡಿದ್ದು ಸಾಕು, ಹುಳ ನೋಡ್ಕೊಂಡು ಬಾ" ಎಂದು ಯಜಮಾನರು ನನ್ನನ್ನು ರಾಮನಗರಕ್ಕೆ ಓಡಿಸಿದರು.

ರಾಮನಗರ! ಚಿತ್ರರಸಿಕರಿಗೆ ಈ ಊರಿನ ಪರಿಚಯ ಬೇಕೇ? 1973ರ ಅಕ್ಟೋಬರ್‌ನಲ್ಲಿ ರಮೇಶ್ ಸಿಪ್ಪಿ ಇಲ್ಲಿ 'ಶೋಲೆ' ಚಿತ್ರೀಕರಣ ಶುರು ಮಾಡಿದರು. 1975ರ ಆಗಸ್ಟ್ 15ರಂದು ಚಿತ್ರ ಬಿಡುಗಡೆಯಾಗಿ, ಈ ಬಂಡೆಗಳು ದೇಶಕ್ಕೆಲ್ಲ 'ರಾಮಗಢ'ವಾದವು. ಆದರೆ ಗಬ್ಬರ್ ಕುದುರೆ ಏರಿ ಬರುವ ಮೊದಲೂ, ಹೋದ ಮೇಲೂ ಈ ಊರು ಬದುಕಿದ್ದು ಹುಳುವಿನ ಮೇಲೆ. ಇಲ್ಲಿಯ ಗೂಡಿನ ಮಾರುಕಟ್ಟೆಗೆ ಏಷ್ಯಾದಲ್ಲೇ ದೊಡ್ಡದೆಂಬ ಹೆಸರು.

ರಾತ್ರಿಯ ಬಸ್ಸು, ಟೆಂಪೋಗಳಲ್ಲಿ ರೈತರು ಮೂಟೆ ತರುತ್ತಾರೆ. ಬೆಳಿಗ್ಗೆ ಹರಾಜು. ಈಗ ಬಾಯಿ ಕೂಗು ಇಲ್ಲ, ರೀಲರುಗಳು ಮೊಬೈಲ್ ಒತ್ತಿ ಬೆಲೆ ಹೇಳುತ್ತಾರೆ. ರೈತನ ಕಣ್ಣು ಪರದೆಯ ಮೇಲೆ. ಮೊದಲ ದಿನ ಮೊದಲ ಆಟದಲ್ಲಿ ನಿರ್ಮಾಪಕನ ಮುಖ ನೋಡಿದ್ದೀರಾ? ಅದೇ ಮುಖ!

ಹುಳುವಿನ ಬಾಳು ಸುಮಾರು ಇಪ್ಪತ್ತೈದು ದಿನ ಸೊಪ್ಪು ತಿನ್ನುವುದು, ನಡುವೆ ನಾಲ್ಕು ಸಲ ಪೊರೆ ಬಿಡುವುದು. ಅದನ್ನು ರೈತರು 'ಜ್ವರ' ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಹುಳು ರಾತ್ರಿ ಹಗಲು ಮೇಯುತ್ತದೆ. ಮನೆಯವರಿಗೆ ನಿದ್ದೆಯಿಲ್ಲ. ಆಮೇಲೆ ಹಣ್ಣಾದ ಹುಳುವನ್ನು ಬಿದಿರಿನ ಚಂದ್ರಿಕೆಗೆ ಬಿಟ್ಟರೆ ಗೂಡು ಕಟ್ಟುತ್ತದೆ. ಒಂದು ಗೂಡಿನಲ್ಲಿ ಒಂದೇ ಎಳೆ, ನೂರಾರು ಮೀಟರ್ ಉದ್ದ. ಒಳ್ಳೆಯ ತಳಿಯಾದರೆ ಸಾವಿರ ಮೀಟರ್ ದಾಟುತ್ತದೆ. ಗೂಡನ್ನು ಬಿಸಿನೀರಿಗೆ ಹಾಕಿ ಎಳೆ ಬಿಚ್ಚುವ ಮನೆಯೊಳಗೆ ಹೋದೆ. ಆ ವಾಸನೆ ಅಂಗಿಗೆ ಹತ್ತಿ ಎರಡು ದಿನ ಬಿಡಲಿಲ್ಲ. ಬಿಸಿನೀರಿನಲ್ಲಿ ಕೈ ಅದ್ದಿ ಅದ್ದಿ ಬೆರಳ ತುದಿ ಬಿಳಿಚಿಕೊಂಡ ಹೆಂಗಸರನ್ನು ಕಂಡೆ. ಅವರಲ್ಲಿ ಒಬ್ಬರೂ ರೇಷ್ಮೆ ಉಟ್ಟಿರಲಿಲ್ಲ.

ಈ ಕಸುಬು ನಮ್ಮ ನಾಡಿಗೆ ಬೇರೂರಿದ್ದು ಟಿಪ್ಪು ಸುಲ್ತಾನನ ಕಾಲದಲ್ಲಿ. ಬಂಗಾಳದಿಂದ ಹುಳು ತರಿಸಿ ಸಾಕಿಸಿದ. 1890ರ ದಶಕದಲ್ಲಿ ಜೆಮ್‌ಸೆಟ್ಜಿ ಟಾಟಾ ಅವರು ಜಪಾನಿನ ತಜ್ಞರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ತೋಟ ಮಾಡಿಸಿದರು. ತೋಟ ಹೋಗಿ 'ಟಾಟಾ ಸಿಲ್ಕ್ ಫಾರಂ' ಎಂಬ ಬಡಾವಣೆಯ ಹೆಸರು ಉಳಿದಿದೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನ ನೇಯ್ಗೆ ಕಾರ್ಖಾನೆ ಆಯಿತು. ಸ್ವಿಟ್ಜರ್ಲೆಂಡಿನಿಂದ ಮಗ್ಗ ತರಿಸಿದ್ದರು. 1980ರಲ್ಲಿ ಅದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕೈಗೆ ಬಂತು. ಇತ್ತೀಚೆಗೆ ನಿಗಮದ ಮಳಿಗೆ ಮುಂದೆ ಬೆಳಗಾಗುವ ಮುಂಚೆ ಸಾಲು ನಿಲ್ಲುತ್ತಾರೆ. ಸ್ಟಾರ್ ಚಿತ್ರದ ಕೌಂಟರ್ ನೆನಪಾಗುತ್ತದೆ!

"ಅಸಲಿ ಮೈಸೂರು ಸಿಲ್ಕ್ ಅಂದ್ರೆ ನಿಗಮದ್ದು. ನನ್ನ ಹತ್ತಿರ ಇರೋದು ಕ್ರೇಪ್. ಮೈಸೂರು ಸಿಲ್ಕ್ ಕೇಳ್ಕೊಂಡು ಬಂದೋರನ್ನ ಅಲ್ಲಿಗೇ ಕಳಿಸ್ತೀನಿ" ಎನ್ನುತ್ತಾರೆ ಯಜಮಾನರು. ಬಂದ ಗಿರಾಕಿಯನ್ನು ಬೇರೆ ಅಂಗಡಿಗೆ ಕಳಿಸುವ ವ್ಯಾಪಾರಿಯನ್ನು ನಾನು ನೋಡಿದ್ದು ಇದೇ ಮೊದಲು.

ಅಪ್ಪ ಮಗನ ಜಟಾಪಟಿ

ಮೂರನೇ ಸಂಜೆ ಹೋದಾಗ ಅಂಗಡಿಯಲ್ಲಿ ಬಿಸಿ ಬಿಸಿ ಮಾತು. ಮಗ ಬಿ.ಕಾಂ. ಮಾಡಿ ಗಲ್ಲಾಗೆ ಬಂದವನು. ದಾಸರಹಳ್ಳಿಯಲ್ಲಿ ಮೆಟ್ರೋ ಹತ್ತಿದರೆ ಗಾಡಿ ಬದಲಿಸದೆ ಚಿಕ್ಕಪೇಟೆಯಲ್ಲೇ ಇಳಿಯಬಹುದು. 2017ರಿಂದ ಹೀಗೆ. ತಾತ ಗಂಟು ಹೊತ್ತು ಒಂದಿಡೀ ದಿನ ಮಾಡುತ್ತಿದ್ದ ಕೆಲಸ ಇವನಿಗೆ ಅರ್ಧ ದಿನದ್ದು. ಆದರೆ ಅದೇ ಮೆಟ್ರೋದಲ್ಲಿ ಗಿರಾಕಿಯೂ ಹೋಗುತ್ತಾನಲ್ಲ!

"ಅಪ್ಪಾ, ಗಿರಾಕಿಗೆ ಬೇಕಿರೋದು ಮಿಂಚು. ಒಂದು ದಿನ ಉಡ್ತಾರೆ, ಫೋಟೋ ತೆಗೆಸ್ಕೋತಾರೆ. ನಾವು ಸೆಮಿ ಸಿಲ್ಕ್ ಇಟ್ಟಿದ್ರೆ ಈ ಸೀಸನ್‌ನಲ್ಲೇ ಬಾಡಿಗೆ ಗಿಟ್ಟೋದು. ಬೀರುವಿನ ಸೀರೆ ತಿಂಗಳಿಗೆ ಎಷ್ಟು ಹೋಗುತ್ತೆ, ನೀವೇ ಹೇಳಿ."

"ಇಡು, ಬೇಡ ಅಂದ್ನಾ? ಬೀರುವಿನಲ್ಲಿ ಇಡಬೇಡ ಅಂದೆ."

ಮಗನ ಲೆಕ್ಕ ತಪ್ಪಲ್ಲ. 1990ರ ದಶಕದಲ್ಲಿ ಚೀನಾದ ಅಗ್ಗದ ನೂಲು ಬಂದಾಗ ಗೂಡಿನ ಬೆಲೆ ಬಿದ್ದು ಎಷ್ಟೋ ರೈತರು ಹಿಪ್ಪುನೇರಳೆ ಕಿತ್ತರು. ಈಗ ಅಸಲಿ ನೂಲು ದುಬಾರಿ, ಜರಿ ಬೆಳ್ಳಿಯ ಬೆಲೆ ಹಿಡಿದು ಏರುತ್ತದೆ. ಪಾಲಿಯೆಸ್ಟರ್ ಮಾತ್ರ ಅಗ್ಗ.

ಅಷ್ಟರಲ್ಲಿ ಒಬ್ಬ ಹುಡುಗ ಬಂದ. ಶಿರಾ ಕಡೆಯವನು, ಪೀಣ್ಯದಲ್ಲಿ ಲೇತ್ ಆಪರೇಟರ್. ಬೆರಳ ಸಂದಿಯಲ್ಲಿ ಇನ್ನೂ ಗ್ರೀಸ್. ತಂಗಿಗೆ ಧಾರೆ ಸೀರೆ ಬೇಕು. ಜೇಬಿನಲ್ಲಿದ್ದ ದುಡ್ಡು ಹೇಳಿದ. ಯಜಮಾನರು ಎರಡು ಸೀರೆ ಹಾಸಿದರು.

"ನೋಡಪ್ಪಾ, ಇದು ಅಸಲಿ. ನಿನ್ನ ದುಡ್ಡಿಗೆ ಬೆರಳಗಲದ ಅಂಚು, ಸಾದಾ ಮೈ. ಇದು ಸೆಮಿ. ಗೇಣಗಲದ ಅಂಚು, ಮೈತುಂಬ ಬುಟ್ಟಾ. ರೇಷ್ಮೆ ಅಲ್ಲ. ದುಡ್ಡೂ ಅರ್ಧ ಮಿಗುತ್ತೆ."

ಹುಡುಗ ಫೋನ್ ಮಾಡಿ ತಂಗಿಗೆ ಎರಡನ್ನೂ ತೋರಿಸಿದ. ಯಜಮಾನರು ಹೇಳಿದ್ದನ್ನೇ ಹೇಳಿದ. ಆ ಕಡೆಯಿಂದ ಉತ್ತರ: "ಅಣ್ಣಾ, ದೊಡ್ಡ ಅಂಚಿಂದೇ ಇರ್ಲಿ. ಮಿಕ್ಕಿದ್ದರಲ್ಲಿ ನೀನೊಂದು ಅಂಗಿ ತಗೋ."

ಬಿಲ್ಲು ಹರಿಯುವಾಗ ಯಜಮಾನರು ಸೀರೆಯ ಮುಂದೆ ತಾವೇ ಬರೆದರು: 'ರೇಷ್ಮೆ ಅಲ್ಲ'. ಹುಡುಗ ಓದಿದ, ನಕ್ಕ, ಮಡಚಿ ಜೇಬಿಗಿಟ್ಟ. ಅವನ ಮುಖ ನನ್ನ ಮುಖದ ಹಾಗೆ ಸಪ್ಪಗಾಗಲಿಲ್ಲ. ಅವನೂ ನಾನೂ ಕೊಂಡದ್ದು ಒಂದೇ ಬಗೆಯ ಸೀರೆ. ನನಗೆ ಆದದ್ದು ಮೋಸ, ಅವನು ಮಾಡಿದ್ದು ವ್ಯಾಪಾರ. ನಡುವೆ ಇದ್ದದ್ದು ಮೂರಕ್ಷರದ ಮಾತು: 'ಅಸಲಿ'.

ನಾಲ್ಕನೇ ಸಂಜೆ ಹೋದರೆ ಅಂಗಡಿಯಲ್ಲಿ ಹೊಸ ಗೂಡು. ಮಗ ಎರಡು ಚೀಟಿ ಅಂಟಿಸಿದ್ದ. ತೇಗದ ಬೀರುವಿನ ಮೇಲೆ 'ರೇಷ್ಮೆ'. ಹೊಸ ಗೂಡಿನ ಮೇಲೆ 'ರೇಷ್ಮೆಯಂಥದ್ದು'! ಅಪ್ಪ ಕನ್ನಡಕ ಸರಿಸಿ ಓದಿ, "ಅಕ್ಷರ ದೊಡ್ಡದಾಗಿದೆ" ಎಂದಷ್ಟೇ ಹೇಳಿದರು. ಒಪ್ಪಿಗೆಯೋ ಆಕ್ಷೇಪವೋ, ಮಗನಿಗೂ ತಿಳಿಯಲಿಲ್ಲ, ನನಗೂ!

ಕೊನೆಯ ರೀಲು

ಅಮ್ಮನಿಗೆ ಹೇಳುವುದು ಹೇಗೆ? ಹಬ್ಬಕ್ಕೆ ಎರಡು ದಿನ ಇರುವಾಗ, ಯಜಮಾನರ ಬೀರುವಿನಿಂದ ಬೆರಳಗಲದ ಅಂಚಿನ ಒಂದು ಜೇನು ಬಣ್ಣದ ಸೀರೆ ತಂದೆ. ಅರ್ಧ ಕೊಟ್ಟೆ, ಅರ್ಧ ಖಾತೆ ಪುಸ್ತಕದಲ್ಲಿದೆ. ಈ ಲೇಖನದ ಸಂಭಾವನೆ ಅಲ್ಲಿಗೇ ಹೋಗುತ್ತದೆ, ಸಂಪಾದಕರು ದಯವಿಟ್ಟು ಗಮನಿಸಬೇಕು!

ಎರಡೂ ಸೀರೆ ಮುಂದಿಟ್ಟು ನಡೆದದ್ದೆಲ್ಲ ಹೇಳಿದೆ. ಅಮ್ಮ ಬೈಯಲಿಲ್ಲ. ಜೇನು ಬಣ್ಣದ್ದನ್ನು ಮೂಗಿನ ಹತ್ತಿರ ಹಿಡಿದು ನೋಡಿ ಬೀರುವಿಗೆ ಇಟ್ಟಳು. ಹಸಿರು ಸೀರೆಯನ್ನು ಹೊರಗೇ ಇಟ್ಟುಕೊಂಡಳು.

"ಇದನ್ನ ಎಸೀಬೇಡ ಕಣೋ. ಸೋಪಲ್ಲಿ ಒಗೀಬಹುದು, ಇಸ್ತ್ರಿ ಬೇಡ. ದಿನಾ ಉಡ್ತೀನಿ. ಬೆಲೆ ಜಾಸ್ತಿ ಆಯ್ತು ಅಷ್ಟೇ."

ಮಿತ್ರರೇ, ಸೀರೆ ಕೊಳ್ಳಲು ಹೋಗುವಾಗ 2004ರಿಂದ ಬಂದಿರುವ ಸಿಲ್ಕ್ ಮಾರ್ಕ್ ಚೀಟಿ ಇದೆಯೇ ನೋಡಿ. ಬಿಲ್ಲಿನಲ್ಲಿ ಏನು ಬರೆದಿದ್ದಾರೆ ಓದಿ. ಎರಡೆಳೆ ಕೇಳಿ, ಒಂದು ಉದ್ದದ್ದು, ಒಂದು ಅಡ್ಡದ್ದು. ಕೊಡಲು ಹಿಂಜರಿದರೆ ಉತ್ತರ ಸಿಕ್ಕಿತು ಎಂದೇ ತಿಳಿಯಿರಿ. ನಾಯಕಿಯ ಸೀರೆಯನ್ನು ಮಾತ್ರ ಪರೀಕ್ಷಿಸಬೇಡಿ. ಅಲ್ಲಿ ಕಣ್ಣು ಬಿಟ್ಟು ನೋಡಿ, ಅಂಗಡಿಯಲ್ಲಿ ಕಣ್ಣು ಮುಚ್ಚಬೇಡಿ!